ಗದ್ದೆ ಉಳುವ ಮೊದಲು ಮೈದಾನ ಕೊಡಿ

ಮಾನ್ಯ ಸಂಪಾದಕರೆ,

ಕಳೆದ ಭಾನುವಾರ ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ಕೊಯ್ಲು ಮುಗಿದ ಗದ್ದೆಯಲ್ಲಿ ಬಡ ಮಕ್ಕಳಿಗಾಗಿ ಸೆವೆನ್ಸ್, ಅಂದರೆ ತಂಡಕ್ಕೆ ಏಳು ಮಂದಿ ಆಡುವ ಫುಟ್‌ಬಾಲ್ ಪಂದ್ಯಾಟ ನಡೆಯಿತು. ನಾನು ಪಾಠ ಮಾಡುವ ಆರನೇ ತರಗತಿಯಲ್ಲಿ ಕಾಲನಿಯಿಂದ ಬರುವ ಹುಡುಗನೊಬ್ಬ ಹಾಜರಿ ಕರೆದರೂ ತಲೆಯೆತ್ತುವವನಲ್ಲ. ಅಂದು ಗೋಲಿನ ಮುಂದೆ ನಿಂತು, ‘ಎಡಕ್ಕೆ ಬಾ, ಎಡಕ್ಕೆ!’ ಎಂದು ಉಳಿದ ಆರು ಮಂದಿಯನ್ನೂ ಕೂಗಿ ಆಡಿಸಿದ. ಸೋತರು. ಆದರೂ ಗಂಜಿ, ಚಟ್ನಿ ಉಣ್ಣುವಾಗ ಅವನ ಮಾತು ನಿಲ್ಲಲೇ ಇಲ್ಲ. ನನಗೆ ಕಣ್ಣು ತುಂಬಿತು.

ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ. ಗದ್ದೆಯಲ್ಲಿ ಅದು ನಡೆಯುತ್ತದೆ, ಶಾಲೆಯ ಒರಟು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಅಂಗಳದಲ್ಲಿ ಪಾದ ಸೀಳುತ್ತದೆ. ಭಾರತ ಫುಟ್‌ಬಾಲ್ ತಂಡಕ್ಕೆ ಆಡಿದ ಮೊಹಮ್ಮದ್ ರಫಿ ಇದೇ ಜಿಲ್ಲೆಯ ತೃಕ್ಕರಿಪುರದವರು. ನಮ್ಮ ಗಡಿ ಶಾಲೆಗಳಿಗೂ ಒಬ್ಬ ತರಬೇತುದಾರ, ಮಣ್ಣು ಹಾಸಿದ ಒಂದು ಮೈದಾನ ಸಿಗಲಿ. ಮಳೆಗಾಲ ಬಂದರೆ ಆ ಗದ್ದೆಯೂ ಮಕ್ಕಳಿಗಿಲ್ಲ.

– ಒಬ್ಬ ಅಧ್ಯಾಪಿಕೆ, ಪೆರ್ಲ, ಕಾಸರಗೋಡು ಜಿಲ್ಲೆ