ಲೆಕ್ಕಕ್ಕೆ ಬಾರದ ಗುಡಾರಗಳು

ಮಾನ್ಯ ಸಂಪಾದಕರೇ,

2021ರಲ್ಲಿ ಆಗಬೇಕಿದ್ದ ಜನಗಣತಿಗೆ ಈಗ 2027ರ ಮಾರ್ಚ್ 1 ಆಧಾರ ದಿನವಾಗಿ ನಿಗದಿಯಾಗಿದೆ. ಕಳೆದ ಗಣತಿಯಲ್ಲಿ ಗಣತಿದಾರಳಾಗಿ ಬೆಂಗಳೂರಿನ ಹೊರವಲಯದ ಒಂದು ಬ್ಲಾಕಿನಲ್ಲಿ ಓಡಾಡಿದ ಸರ್ಕಾರಿ ಶಾಲಾ ಶಿಕ್ಷಕಿ ನಾನು, ಈಗ ನಿವೃತ್ತೆ. ಬಡವರ ಬಡಾವಣೆಗಳಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳ ಕುರಿತು ಅಂದಿನಿಂದ ಮನಸ್ಸಿನಲ್ಲಿರುವ ಒಂದು ಮಾತನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ನನಗೆ ಕೊಟ್ಟಿದ್ದ ನಕಾಶೆಯಲ್ಲಿ ಖಾಲಿ ನಿವೇಶನವೆಂದು ಗುರುತಿಸಿದ್ದ ಜಾಗದಲ್ಲಿ ನೀಲಿ ಟಾರ್ಪಾಲಿನ ನಲವತ್ತರಷ್ಟು ಗುಡಾರಗಳಿದ್ದವು. ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಗುಡಾರಗಳು ಅವು. ನಾನು ಹತ್ತು ಗಂಟೆಗೆ ಹೋದರೆ ಗಂಡಸರೂ ಹೆಂಗಸರೂ ಕೆಲಸಕ್ಕೆ ಹೊರಟುಹೋಗಿರುತ್ತಿದ್ದರು. ಕೂಸುಗಳನ್ನು ನೋಡಿಕೊಳ್ಳಲು ಉಳಿದಿದ್ದ ಅಜ್ಜಿಯೊಬ್ಬರು, ಬರೆದುಕೊಳ್ಳಲು ಬಂದವರೆಂದರೆ ಎಬ್ಬಿಸಲು ಬಂದವರೆಂದೇ ತಿಳಿದು, ಯಾವ ಪ್ರಶ್ನೆಗೂ ಬಾಯಿ ಬಿಡಲಿಲ್ಲ. ಕೊನೆಗೆ ಮೂರು ದಿನ ಬೆಳಿಗ್ಗೆ ಆರಕ್ಕೇ ಹೋಗಿ ಅವರನ್ನು ಬರೆದುಕೊಂಡೆ. ನನ್ನ ಹಾಗೆ ಎಲ್ಲರೂ ಹೋಗಿರಲಾರರು. ಪರೀಕ್ಷೆಯ ದಿನಗಳಲ್ಲಿ ಶಾಲೆಯನ್ನೂ ನಿಭಾಯಿಸಬೇಕಿದ್ದ ಅವರನ್ನು ದೂರುವುದೂ ನ್ಯಾಯವಲ್ಲ.

ಬರೆದುಕೊಂಡರೂ ಆ ಜನ ಕೊಳೆಗೇರಿಯ ಲೆಕ್ಕಕ್ಕೆ ಬರಲಿಲ್ಲ. ಘೋಷಿತವಲ್ಲದ ಒಂದು ಜಾಗವನ್ನು ಕೊಳೆಗೇರಿಯೆಂದು ಗುರುತಿಸಲು ಕನಿಷ್ಠ 300 ಜನ, ಅಂದರೆ 60–70 ಕುಟುಂಬಗಳಾದರೂ ಒತ್ತಾಗಿ ನೆಲೆಸಿರಬೇಕೆಂಬುದು 2011ರ ಗಣತಿಯ ನಿಯಮವಾಗಿತ್ತು. ಆ ಗಣತಿಯ ಪ್ರಕಾರ ರಾಜ್ಯದ ಕೊಳೆಗೇರಿ ನಿವಾಸಿಗಳು ಸುಮಾರು 33 ಲಕ್ಷ. ನಲವತ್ತು ಗುಡಾರಗಳವರು ಅದರೊಳಗಿಲ್ಲ. ಇದು ಬರೀ ಅಂಕಿಯ ತಕರಾರಲ್ಲ. ನಮ್ಮಲ್ಲಿ ಕೊಳಚೆ ಪ್ರದೇಶಗಳ 1973ರ ಕಾಯ್ದೆಯಡಿ ಘೋಷಣೆಯಾದ ಮೇಲೆಯೇ ಒಂದು ಕೇರಿಗೆ ಕಾನೂನಿನ ಆಸರೆ ಸಿಗುವುದು. ಹಕ್ಕುಪತ್ರದ ಮಾತು ಬರುವುದು ಅದಕ್ಕೂ ಆಮೇಲೆ. ಸರ್ಕಾರಿ ಕಡತದಲ್ಲಿ ಇಲ್ಲದ ಕೇರಿಯನ್ನು ಘೋಷಿಸಿ ಎಂದು ಕೇಳುವವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮುಖ್ಯರಾದ ಜೋಕಿನ್ ಅರ್ಪುತಮ್ ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದವರೆಂಬುದು ನಮ್ಮಲ್ಲೇ ಹಲವರಿಗೆ ತಿಳಿಯದು. ಬದುಕು ಅರಸಿ ಮುಂಬೈಗೆ ಹೋದ ಅವರು ಟ್ರಾಂಬೆಯ ಜನತಾ ಕಾಲೊನಿಯಲ್ಲಿ ನೆಲೆಸಿದರು. 1976ರಲ್ಲಿ ಸಾವಿರಾರು ಕುಟುಂಬಗಳ ಆ ಕಾಲೊನಿಯನ್ನು ತೆರವುಗೊಳಿಸಿದ್ದನ್ನು ಕಣ್ಣಾರೆ ಕಂಡ ಅವರು ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟವನ್ನು ಕಟ್ಟಿ ಬೆಳೆಸಿದರು. 1984ರಲ್ಲಿ ಆರಂಭವಾದ ಸ್ಪಾರ್ಕ್ ಸಂಸ್ಥೆ, ಬೈಕಲಾದ ಫುಟ್‌ಪಾತ್‌ವಾಸಿ ಹೆಂಗಸರು ಕಟ್ಟಿಕೊಂಡ ಮಹಿಳಾ ಮಿಲನ್ ಮತ್ತು ಈ ಒಕ್ಕೂಟ, ಮೂರೂ ಸೇರಿ ಮಾಡಿದ ಕೆಲಸದ ಬುಡದಲ್ಲಿದ್ದದ್ದು ದಾನವಲ್ಲ, ಎಣಿಕೆ. ನಿವಾಸಿಗಳೇ ತಮ್ಮ ಗುಡಿಸಲುಗಳಿಗೆ ಸಂಖ್ಯೆ ಬರೆದು, ಯಾರು ಎಲ್ಲಿಂದ ಯಾವಾಗ ಬಂದರು, ಏನು ದುಡಿಯುತ್ತಾರೆ ಎಂದು ದಾಖಲಿಸಿ, ಆ ಪಟ್ಟಿ ಹಿಡಿದು ಅಧಿಕಾರಿಗಳ ಮೇಜಿನ ಮುಂದೆ ಕುಳಿತರು.

ಮುಂಬೈನ ರೈಲು ಹಳಿಗಳ ಪಕ್ಕದ ಗುಡಿಸಲುಗಳನ್ನು ತೆರವುಗೊಳಿಸುವ ಪ್ರಸಂಗ ಬಂದಾಗ ಈ ಪಟ್ಟಿಯ ಬೆಲೆ ತಿಳಿಯಿತು. ಜನರೇ ಕೈಜೋಡಿಸಿ ಸಿದ್ಧಪಡಿಸಿದ ಲೆಕ್ಕದ ಆಧಾರದ ಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೇರೆಡೆಗೆ ಹೋದವು, ಬಹುಪಾಲು ಪೊಲೀಸರ ಲಾಠಿಯಿಲ್ಲದೆ. ಆ ಕಥೆ ಸುಖಾಂತವಾಯಿತೆಂದು ಹೇಳಲಾರೆ. ಅಂಥ ಕುಟುಂಬಗಳಿಗೆಂದು ನಗರದ ಪೂರ್ವ ಭಾಗದಲ್ಲಿ ಕಟ್ಟಿದ ಕೆಲವು ವಸತಿ ಸಮುಚ್ಚಯಗಳು ಗಾಳಿ ಬೆಳಕು ಆಡದಷ್ಟು ಒತ್ತೊತ್ತಾಗಿದ್ದು, ಅಲ್ಲಿ ಕ್ಷಯರೋಗ ಹೆಚ್ಚಿರುವುದನ್ನು ಮುಂದೆ ವೈದ್ಯರೇ ತೋರಿಸಿದರು. ಪಟ್ಟಿ ಇದ್ದರೆ ಮನೆ ಸಿಗಬಹುದು. ಆ ಮನೆ ಹೇಗಿರಬೇಕೆಂದು ಕೇಳಲು ಜನ ಮತ್ತೆ ಒಂದಾಗಬೇಕು. ಆದರೆ ಪಟ್ಟಿಯಲ್ಲೇ ಇಲ್ಲದವರಿಗೆ ಆ ಜಗಳಕ್ಕೂ ಅವಕಾಶವಿಲ್ಲ.

ಬೆಂಗಳೂರಿನಲ್ಲೂ ಇಂಥ ಉದಾಹರಣೆ ಇದೆ. ಚಿಂದಿ ಆಯುವವರಿಗೆ ಬಿಬಿಎಂಪಿ 2011ರಲ್ಲಿ ಗುರುತಿನ ಚೀಟಿ ಕೊಡಲು ಆರಂಭಿಸಿದ್ದು, ಬೀದಿ ಬೀದಿ ತಿರುಗಿ ಅವರನ್ನು ಹುಡುಕಿ ದಾಖಲಿಸಿದ ಕಾರ್ಯಕರ್ತರ ಪಟ್ಟಿಗಳಿಂದಾಗಿ. ಮುಂದೆ ಹಸಿರು ದಳವಾಗಿ ಸಂಘಟಿತರಾದ ಅದೇ ಜನ ವಾರ್ಡುಗಳ ಒಣಕಸ ಸಂಗ್ರಹ ಕೇಂದ್ರಗಳನ್ನು ನಡೆಸುವ ಮಟ್ಟಕ್ಕೆ ಬಂದರು. ಬೆಳಗಿನ ಜಾವ ಚೀಲ ಹೊತ್ತು ಹೊರಟವರನ್ನು ಕಳ್ಳರೆಂದು ತಡೆದು ನಿಲ್ಲಿಸುತ್ತಿದ್ದ ಕಾಲದಲ್ಲಿ, ಪಾಲಿಕೆಯ ಮುದ್ರೆಯಿದ್ದ ಒಂದು ಚೀಟಿ ಏನು ಮಾಡಿರಬಹುದೆಂಬುದನ್ನು ಮನೆಯಲ್ಲಿ ಬೆಚ್ಚಗೆ ಮಲಗಿದ್ದ ನಾವು ಊಹಿಸುವುದು ಕಷ್ಟ.

ಕಂಪನಿಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಕೊಳೆಗೇರಿ ಅಭಿವೃದ್ಧಿಗೆ ಬಳಸಬಹುದೆಂದು 2014ರಲ್ಲೇ ನಿಯಮಕ್ಕೆ ಸೇರಿಸಲಾಗಿದೆ. ನಾನು ಕಂಡಂತೆ ಆ ಹಣ ಬರುವುದು ಗೋಡೆಗೆ ಬಣ್ಣವಾಗಿ, ಮಕ್ಕಳಿಗೆ ಬ್ಯಾಗಾಗಿ. ನಮ್ಮ ಶಾಲೆಗೂ ಬಂತು. ಒಂದೇ ವರ್ಷ ಮೂರು ಸಂಸ್ಥೆಗಳು ಮೂರು ಬ್ಯಾಗು ಕೊಟ್ಟು ಮೂರು ಸಲ ಫೋಟೊ ತೆಗೆಸಿಕೊಂಡವು. ಬ್ಯಾಗು ಬೇಡವೆನ್ನುವುದಿಲ್ಲ. ಆದರೆ ಆರು ತಿಂಗಳು ಸಂಜೆ ಹೊತ್ತು ಗುಡಾರದಿಂದ ಗುಡಾರಕ್ಕೆ ಹೋಗಿ ಹೆಸರು ಬರೆದು, ಪಡಿತರ ಚೀಟಿ, ಆಧಾರ್, ಮಕ್ಕಳ ಜನನ ಪ್ರಮಾಣಪತ್ರಗಳ ಅರ್ಜಿಯ ಹಿಂದೆ ಅಲೆಯುವ ಕಾರ್ಯಕರ್ತೆಯ ಸಂಬಳಕ್ಕೆ ಹಣ ಕೊಡುವವರು ಏಕೆ ಸಿಗುವುದಿಲ್ಲ? ಆ ಕೆಲಸ ಫೋಟೊಗೆ ಸಿಗುವುದಿಲ್ಲವೆಂಬುದೇ ಕಾರಣವಿರಬೇಕು.

ಗಣತಿಯಾದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. 1948ರ ಜನಗಣತಿ ಕಾಯ್ದೆಯ ಪ್ರಕಾರ ಗಣತಿದಾರರು ಬರೆದುಕೊಂಡ ವೈಯಕ್ತಿಕ ವಿವರ ಗೋಪ್ಯ. ಅದನ್ನು ಸಾಕ್ಷ್ಯವಾಗಿ ಮುಂದಿಡಲಾಗದು. ಅದು ಸರಿಯಾದ ನಿಯಮವೇ. ಆದ್ದರಿಂದಲೇ ನಿವಾಸಿಗಳ ಕೈಯಲ್ಲೇ ಉಳಿಯುವ, ಅವರೇ ತಯಾರಿಸಿದ ಇನ್ನೊಂದು ಪಟ್ಟಿ ಬೇಕು. ಅದರ ಒಂದು ಪ್ರತಿಯನ್ನು ಕೊಳಗೇರಿ ಅಭಿವೃದ್ಧಿ ಮಂಡಳಿ ದಿನಾಂಕದ ಮುದ್ರೆಯೊತ್ತಿ ಸ್ವೀಕರಿಸುವ ವ್ಯವಸ್ಥೆಯಾಗಲಿ, ಘೋಷಣೆಯ ಅರ್ಜಿಗೆ ಅದನ್ನು ಆರಂಭದ ದಾಖಲೆಯೆಂದು ಪರಿಗಣಿಸಲಿ. ಈ ಕೇರಿಗಳಲ್ಲಿ ಈಗಾಗಲೇ ಪರಿಚಯವಿರುವ ಸಂಸ್ಥೆಗಳು ಹಾಗೂ ಸ್ವಸಹಾಯ ಸಂಘದ ಹೆಂಗಸರನ್ನು ಗಣತಿದಾರರ ಜೊತೆಗೆ ಕಳುಹಿಸುವ ಏರ್ಪಾಡನ್ನು ಜಿಲ್ಲಾಡಳಿತಗಳು ಮಾಡಲಿ. ಅಲ್ಲಿಗೆ ಹೋಗಬೇಕಾದ ಹೊತ್ತು ಬೆಳಿಗ್ಗೆ ಏಳಕ್ಕೆ ಮೊದಲು, ಇಲ್ಲವೇ ರಾತ್ರಿ ಎಂಟರ ನಂತರ ಎಂಬುದನ್ನು ಗಣತಿದಾರರ ತರಬೇತಿಯಲ್ಲಿ ಯಾರಾದರೂ ಒಂದು ಮಾತು ಹೇಳಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕಿ, ಬೆಂಗಳೂರು