ಕೊಲ್ಹಾರದ ದಂಡೆಯಲ್ಲಿ ಸಿಕ್ಕ ಕಾಕಾ ಅವರಿಗೆ

ಶನಿವಾರ ಸಂಜೆ ಸೇತುವೆ ಹತ್ತಿರ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಂತಿದ್ದಿರಲ್ಲ ಕಾಕಾ, ನಿಮ್ಮ ಹೆಸರು ಕೇಳೋದನ್ನೇ ಮರೆತೆ.

ಗಾಳಿ ಜೋರಾಗಿತ್ತು, ಆಲಮಟ್ಟಿ ಹಿನ್ನೀರು ಏರುತ್ತಿತ್ತು. ನಾನು ಮೀನಿನ ದೋಣಿಯನ್ನು ಜಾಲಿ ಮರಕ್ಕೆ ಬಿಗಿದು ಹೊರಟಿದ್ದೆ. ಹೊಸಬ ಅಲ್ವಾ, ಬಿಗಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ.

"ತಮ್ಮಾ, ಇಷ್ಟು ಬಿಗಿ ಕಟ್ಟಬ್ಯಾಡೋ. ರಾತ್ರಿ ನೀರು ಏರಿದ್ರ ಹಗ್ಗಾನ ದೋಣಿ ಮುಳುಗಸ್ತೈತಿ," ಅಂದಿರಿ.

ನೀವೇ ಗಂಟು ಬಿಚ್ಚಿದಿರಿ. ಮುಂದೊಂದು, ಹಿಂದೊಂದು ಹಗ್ಗ, ಎರಡು ಬೇರೆ ಮರಗಳಿಗೆ, ಸಾಕಷ್ಟು ಸಡಿಲ ಬಿಟ್ಟು. ಮೋಟಾರು, ಬಲೆ ಎಲ್ಲ ಇಳಿಸೋಕೆ ಹೇಳಿದಿರಿ. ಹಗ್ಗ ದೋಣಿಯ ಅಂಚಿಗೆ ಉಜ್ಜುವ ಜಾಗ ನೋಡಿ, ತಲೆ ಮೇಲಿನ ಕೊಪ್ಪೆಯನ್ನೇ ಹರಿದು ಸುತ್ತಿಬಿಟ್ಟಿರಿ! ಬೇಡ ಅಂದರೂ ಕೇಳಲಿಲ್ಲ. ಆಮೇಲೆ ಮಳೆಯಲ್ಲಿ ನೆನೆಯುತ್ತಲೇ ಹೋದಿರಿ.

ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಜಾಲಿ ಮರ ಸೊಂಟದವರೆಗೆ ನೀರಲ್ಲಿತ್ತು. ದೋಣಿ ಸುಮ್ನೆ ತೇಲುತ್ತಿತ್ತು. ಗೋಣಿ ಚಿಂದಿಯಾಗಿತ್ತು, ಒಳಗಿನ ಹಗ್ಗದ ಒಂದು ಎಳೆಯೂ ಹರಿದಿರಲಿಲ್ಲ.

ಇನ್ನೂ ಆ ದೋಣಿಯ ಸಾಲ ತೀರಿಲ್ಲ ಕಾಕಾ. ತುಂಬಾ ಧನ್ಯವಾದ. ಮೊಸರಿಗೇ ಹೆಸರಾದ ಕೊಲ್ಹಾರದವರಿಗೆ ಮೊಸರು ಕೊಡೋಕೆ ಆಗಲ್ಲ, ಹೊಸ ಕೊಪ್ಪೆ ಮತ್ತು ಒಳ್ಳೆಯ ಮೀನು ಇಟ್ಟುಕೊಂಡು ಪ್ರತಿ ಶನಿವಾರ ಅಲ್ಲೇ ಇರುತ್ತೇನೆ.