ಹಲಸಿನ ಮರ ಇಳಿಸಿಕೊಟ್ಟವರಿಗೆ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಮನೆ. ಕಳೆದ ವಾರದ ಗಾಳಿಮಳೆಗೆ ಹಿತ್ತಿಲಿನ ಹಲಸಿನ ಮರ ಬೇರು ಸಮೇತ ಮಗುಚಿ ಅಡುಗೆಮನೆಯ ಮಾಡಿನ ಮೇಲೆ ಬಿತ್ತು. ಹಂಚು, ಪಕ್ಕಾಸು ಎಲ್ಲ ಪುಡಿ. ಪಕ್ಕದ ಕೋಣೆಯಲ್ಲೇ ಅತ್ತೆ ಮಲಗಿದ್ದರು. ದೇವರು ದೊಡ್ಡವನು, ಅವರಿಗೆ ಏನೂ ಆಗಲಿಲ್ಲ.

ಬೆಳಗ್ಗೆ ಏಳಕ್ಕೆಲ್ಲ ನೀವು ಆರು ಜನ ಬಂದಿರಿ. ನಾಲ್ವರು ನಮ್ಮ ಊರಿನವರು, ಇಬ್ಬರು ಗಡಿಯಾಚೆ ಕರ್ನಾಟಕದ ಅಡ್ಯನಡ್ಕದವರು. ಮರ ಕೊಯ್ಯುವ ಮೆಷಿನ್ ಮೂರು, ಹಗ್ಗ, ಬೆಣೆ, ಕ್ಯಾನಿನಲ್ಲಿ ಆಯಿಲ್ ಬೆರೆಸಿದ ಪೆಟ್ರೋಲ್. ರಾತ್ರಿ ಎರಡರವರೆಗೆ ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ಬಿದ್ದ ಮರ ತೆಗೆದು ಬಂದಿದ್ದಿರಿ ಅಂತ ಆಮೇಲೆ ಗೊತ್ತಾಯಿತು.

ಒಂದು ಮಾತು ಎಲ್ಲರೆದುರೇ ಹೇಳಬೇಕು. ಬಂದು ಮುಕ್ಕಾಲು ಗಂಟೆಯಾದರೂ ನೀವು ಮೆಷಿನ್ ಸ್ಟಾರ್ಟ್ ಮಾಡಲಿಲ್ಲ. ಮೊದಲು ಲೈನ್‌ಮ್ಯಾನ್ ಬಂದು ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಬೇಕು ಎಂದಿರಿ. ಆಮೇಲೆ ಮರದ ಸುತ್ತ ನೋಡುತ್ತಲೇ ಇದ್ದಿರಿ. ನನಗೆ ತಡೆಯಲಾಗಲಿಲ್ಲ. "ಇನ್ನೂ ಏನು ನೋಡುವುದು, ಕೊಯ್ಯಬಾರದಾ?" ಅಂತ ಸ್ವರ ಏರಿಸಿದೆ. "ಅಕ್ಕಾ, ಇದು ನಿಂತ ಮರದ ಹಾಗಲ್ಲ. ಬಿದ್ದ ಮರ ಎಲ್ಲೆಲ್ಲೋ ಬಿಗಿದುಕೊಂಡಿರ್ತದೆ. ತಪ್ಪು ಕಡೆ ಕೊಯ್ದರೆ ಸಿಡಿಯುತ್ತದೆ" ಅಂದರು ಒಬ್ಬರು, ಸ್ವಲ್ಪವೂ ಬೇಸರಿಸದೆ.

ಬೇರು ಕಿತ್ತ ಗುಂಡಿಯಲ್ಲಿ ನನ್ನ ಮಗ, ಆಚೆಮನೆಯ ಹುಡುಗ ಇಳಿದು ಆಡುತ್ತಿದ್ದರು. ನಿಮ್ಮಲ್ಲಿ ಹಿರಿಯರು ಇಬ್ಬರನ್ನೂ ಎತ್ತಿ ತಂದು ಜಗಲಿಯಲ್ಲಿ ಕೂರಿಸಿದರು. ಆಗ ಅದೇನೂ ದೊಡ್ಡ ವಿಷಯ ಅನಿಸಲಿಲ್ಲ.

ಸಣ್ಣ ಗೆಲ್ಲುಗಳನ್ನು ಮೊದಲು ಕೊಯ್ದು, ದೊಡ್ಡವನ್ನು ಹಗ್ಗ ಕಟ್ಟಿ ಒಂದೊಂದಾಗಿ ಇಳಿಸಿದಿರಿ. ಉಳಿದ ಹಂಚು ಒಂದೂ ಒಡೆಯಲಿಲ್ಲ. ಹಲಸಿನ ಮೇಣ ಚೈನಿಗೆ ಮೆತ್ತಿ ಮೆಷಿನ್ ಎಳೆಯುತ್ತಿರಲಿಲ್ಲ. ಮತ್ತೆ ಮತ್ತೆ ನಿಲ್ಲಿಸಿ, ತೆಂಗಿನೆಣ್ಣೆ ಸವರಿ ಒರೆಸಿ, ಅರ ಹಿಡಿದು ಒಂದೊಂದೇ ಹಲ್ಲು ಹರಿತ ಮಾಡಿದಿರಿ. ಅಂಗಳ ಪೂರ್ತಿ ಅರಸಿನ ಚೆಲ್ಲಿದ ಹಾಗೆ ಮರದ ಪುಡಿ.

ಕೊನೆಗೆ ಬುಡದ ಹತ್ತಿರ. ಮೇಲಿನಿಂದ ಸ್ವಲ್ಪ ಕೊಯ್ದು ಬೆಣೆ ಹೊಡೆದಿರಿ, ಉಳಿದದ್ದನ್ನು ಅಡಿಯಿಂದ. ದಿಮ್ಮಿ ಬೇರೆಯಾದದ್ದೇ ತಡ, ಮಗುಚಿದ್ದ ಬುಡ ಮಣ್ಣು ಸಮೇತ ತಾನಾಗಿ ಎದ್ದು ಧೊಪ್ಪನೆ ಗುಂಡಿಗೆ ಕೂತಿತು. ಮಕ್ಕಳು ಆಡುತ್ತಿದ್ದ ಜಾಗವೇ ಕಾಣಲಿಲ್ಲ. ನಾನು ಅಲ್ಲೇ ಕುಸಿದು ಕೂತೆ. ಮುಕ್ಕಾಲು ಗಂಟೆ ನೀವು ಏನು ನೋಡುತ್ತಿದ್ದಿರಿ ಅಂತ ಆಗ ಅರ್ಥವಾಯಿತು.

ಏರುಸ್ವರದಲ್ಲಿ ಮಾತಾಡಿದ್ದಕ್ಕೆ ಕ್ಷಮಿಸಿ. ನನ್ನ ಮಗನನ್ನು ಉಳಿಸಿಕೊಟ್ಟಿದ್ದೀರಿ. ಪೆಟ್ರೋಲಿನ ದುಡ್ಡೂ ತೆಗೆದುಕೊಳ್ಳಲಿಲ್ಲ. ಆಚೆಮನೆಯ ಅಕ್ಕ ಬೇಯಿಸಿ ತಂದ ಗಂಜಿ, ಮಾವಿನ ಉಪ್ಪಿನಕಾಯಿ ಉಂಡು ಮುಂದಿನ ಮನೆಗೆ ಹೊರಟೇಬಿಟ್ಟಿರಿ. ಆ ಅಕ್ಕನಿಗೂ, ಹಂಚು ಹೊದೆಸಲು ಬಂದವರಿಗೂ ತುಂಬಾ ಥ್ಯಾಂಕ್ಸ್.

ನಿಮ್ಮದೊಂದು ಅರ ನಮ್ಮ ಜಗಲಿಯಲ್ಲೇ ಉಳಿದಿದೆ. ಎಣ್ಣೆ ಒರೆಸಿ ತೆಗೆದಿಟ್ಟಿದ್ದೇನೆ. ಅಡುಗೆಮನೆ ಈಗ ಸರಿಯಾಗಿದೆ, ಅರ ತೆಗೆದುಕೊಳ್ಳಲು ಬರುವಾಗ ಆರು ಜನರೂ ಊಟಕ್ಕೇ ಬನ್ನಿ.